ಕಟ್ಟಡ ಆಮೇಲೆ, ವಾರ್ಡು ಮೊದಲು

ನರ್ಸಿಂಗ್ ಓದಿಸಬೇಕೆಂದು ಹೊರಟ ಮನೆಯವರು ಕಾಲೇಜಿಗೆ ಹೋದ ದಿನ ಸಾಮಾನ್ಯವಾಗಿ ನೋಡಿ ಬರುವುದು ಕಟ್ಟಡ, ಹಾಸ್ಟೆಲ್ ಕೋಣೆ, ಊಟದ ಹಾಲ್, ಒಂದು ಕಂಪ್ಯೂಟರ್ ಲ್ಯಾಬ್. ಆಫೀಸಿನಲ್ಲಿ ಕೂರಿಸಿ ಬಣ್ಣದ ಪುಸ್ತಿಕೆ ಕೈಗಿಡುತ್ತಾರೆ. ಫೀಸಿನ ಚೌಕಾಸಿ ನಡೆಯುತ್ತದೆ. ಅಡ್ವಾನ್ಸ್ ಕಟ್ಟಿ ಸಂಜೆಯ ಬಸ್ಸಿಗೆ ಊರಿಗೆ ವಾಪಸ್. ಆ ಕಾಲೇಜಿನ ಮಕ್ಕಳು ಯಾವ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಾರೆ, ಅಲ್ಲಿನ ಹಾಸಿಗೆಗಳಲ್ಲಿ ರೋಗಿಗಳು ಇದ್ದಾರೆಯೇ ಎಂದು ವಾರ್ಡಿಗೆ ಹೋಗಿ ನೋಡಿದವರು ಬಹಳ ಕಡಿಮೆ.

ಈ ಓದಿನ ದೊಡ್ಡ ಪಾಠ ನಡೆಯುವುದು ಮಾತ್ರ ವಾರ್ಡಿನಲ್ಲೇ. ಇಂಜೆಕ್ಷನ್ ಕೊಡುವ ಕ್ರಮ, ಡ್ರಿಪ್ ಹಾಕುವ ಕ್ರಮ, ಡ್ರೆಸ್ಸಿಂಗ್ ಮಾಡುವ ಕ್ರಮ ಇವನ್ನೆಲ್ಲ ಪುಸ್ತಕ ನೋಡಿ ಪರೀಕ್ಷೆಯಲ್ಲಿ ಬರೆಯಬಹುದು. ಆದರೆ ಆಪರೇಷನ್ ಆಗಿ ಬಂದ ರೋಗಿಯ ನಾಡಿ ನಡುರಾತ್ರಿ ಏರುತ್ತಿದೆ, ಬಿ.ಪಿ. ಮೆಲ್ಲಗೆ ಇಳಿಯುತ್ತಿದೆ, ಕೈಕಾಲು ತಣ್ಣಗಾಗುತ್ತಿದೆ, ಆತ ಸುಮ್ಮಸುಮ್ಮನೆ ಚಡಪಡಿಸುತ್ತಿದ್ದಾನೆ ಎಂಬುದನ್ನೆಲ್ಲ ಕೂಡಿಸಿ ನೋಡಿ, ಒಳಗೆಲ್ಲೋ ರಕ್ತಸ್ರಾವ ಆಗುತ್ತಿರಬಹುದು ಎಂದು ಅನುಮಾನಿಸಿ ಡಾಕ್ಟರನ್ನು ಎಬ್ಬಿಸುವ ತಿಳಿವಳಿಕೆ ಅಂಥ ಹತ್ತಾರು ರೋಗಿಗಳ ಪಕ್ಕ ನಿಂತವರಿಗಷ್ಟೇ ಬರುತ್ತದೆ. ಹಾಸಿಗೆ ಖಾಲಿ ಇದ್ದ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಕಳೆದ ನರ್ಸಿಗೆ ಆ ತಿಳಿವಳಿಕೆ ಮೊದಲ ಕೆಲಸದಲ್ಲಿ, ಯಾರದೋ ಪ್ರಾಣದ ಮೇಲೆ ಬರಬೇಕಾಗುತ್ತದೆ. ಆದ್ದರಿಂದ ಒಳ್ಳೆಯ ನರ್ಸಿಂಗ್ ಕಾಲೇಜು ಯಾವುದು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಆಸ್ಪತ್ರೆ ನೋಡಿ ಕಾಲೇಜು ಆರಿಸಿ.

ಲೆಕ್ಕ ಸರಳವಾಗಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದ ಪ್ರಕಾರ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು. ಹಾಸಿಗೆಗಳಲ್ಲಿ ಶೇ 75ರಷ್ಟಾದರೂ ತುಂಬಿರಬೇಕು. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಸಿಗಬೇಕು. ವರ್ಷಕ್ಕೆ 60 ಸೀಟಿರುವ ಬಿ.ಎಸ್ಸಿ. ನರ್ಸಿಂಗ್ ಕಾಲೇಜು ಎಂದುಕೊಳ್ಳಿ. ನಾಲ್ಕು ವರ್ಷದವರೂ ಸೇರಿ 240 ಮಂದಿ. ಅದರಲ್ಲಿ ಅರ್ಧದಷ್ಟು ಮಂದಿ ಒಂದೇ ದಿನ ಡ್ಯೂಟಿಗೆ ಹೋದರೂ 120 ವಿದ್ಯಾರ್ಥಿಗಳು, ಅವರಿಗೆ 360 ರೋಗಿಗಳು ಬೇಕು. ನೂರು ಹಾಸಿಗೆಯಲ್ಲಿ ಮುಕ್ಕಾಲು ತುಂಬಿದರೆ ಸಿಗುವುದು 75. ಉಳಿದವರನ್ನು ಎಲ್ಲಿಗೆ ಕಳಿಸುತ್ತೀರಿ ಎಂಬ ಪ್ರಶ್ನೆಗೆ ಕಾಲೇಜಿನ ಬಳಿ ನೇರ ಉತ್ತರ ಇರಬೇಕು. ಸಾಮಾನ್ಯವಾಗಿ ಸಿಗುವ ಉತ್ತರ ಜಿಲ್ಲಾಸ್ಪತ್ರೆ. ಅದು ಒಳ್ಳೆಯದೇ, ಜಿಲ್ಲಾಸ್ಪತ್ರೆಯಷ್ಟು ಬಗೆಬಗೆಯ ಕಾಯಿಲೆ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕಾಣಸಿಗುವುದಿಲ್ಲ. ಆದರೆ ಅದೇ ಜಿಲ್ಲಾಸ್ಪತ್ರೆಗೆ ಇನ್ನೆಷ್ಟು ಕಾಲೇಜಿನವರು ಬರುತ್ತಾರೆ ಎಂದೂ ಕೇಳಿ. ಒಂದು ಹಾಸಿಗೆಯ ಸುತ್ತ ಮೂರು ಬಣ್ಣದ ಯೂನಿಫಾರ್ಮು ನಿಂತಿದ್ದರೆ ಹಿಂದಿನ ಸಾಲಿನಲ್ಲಿರುವ ಹುಡುಗಿಗೆ ಕಾಣುವುದು ಮುಂದಿನವಳ ಬೆನ್ನು ಮಾತ್ರ.

ರೋಗಿಗಳನ್ನು ನೋಡಲು ಬಿಡುವ ಹೊತ್ತಿನಲ್ಲಿ ಜನರಲ್ ವಾರ್ಡಿಗೆ ಒಮ್ಮೆ ಹೋಗಿ ಬನ್ನಿ. ನಿಜವಾಗಿ ನಡೆಯುವ ವಾರ್ಡು ನೋಡಿದ ಕೂಡಲೇ ಗೊತ್ತಾಗುತ್ತದೆ. ಮಂಚದ ಕೆಳಗೆ ಚಪ್ಪಲಿ, ಬುತ್ತಿಯ ಡಬ್ಬಿ, ನೀರಿನ ಬಾಟಲಿ, ಗೋಡೆ ಬದಿಗೆ ಚಾಪೆ ಹಾಸಿಕೊಂಡ ರೋಗಿಯ ಕಡೆಯವರು, ಹಲವು ದಿನಗಳ ಬರವಣಿಗೆ ತುಂಬಿ ಅಂಚು ಮಡಚಿದ ಕೇಸ್ ಶೀಟು. ಹೆಸರಿಗಷ್ಟೇ ಇರುವ ಆಸ್ಪತ್ರೆಯಲ್ಲಿ ಬೆಡ್‌ಶೀಟಿನ ಮಡಿಕೆಯ ಗೆರೆ ಇನ್ನೂ ಮಾಸಿರುವುದಿಲ್ಲ, ಡ್ರಿಪ್ ಸ್ಟ್ಯಾಂಡುಗಳೆಲ್ಲ ಒಂದು ಮೂಲೆಯಲ್ಲಿ ಸಾಲಾಗಿ ನಿಂತಿರುತ್ತವೆ. ತಪಾಸಣೆಯ ದಿನಕ್ಕೆಂದು ಆರೋಗ್ಯವಂತರನ್ನು ಕರೆತಂದು ಮಲಗಿಸಿದ ಪ್ರಕರಣಗಳು ವೈದ್ಯಕೀಯ ಶಿಕ್ಷಣದಲ್ಲಿ ವರದಿಯಾಗಿವೆ. ನೀವು ಹೇಳದೆ ಕೇಳದೆ ಹೋದ ದಿನ ಅಂಥ ಏರ್ಪಾಟು ಇರುವುದಿಲ್ಲ.

ಎಲ್ಲ ವಿಭಾಗವೂ ಒಂದೇ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಮನೋರೋಗ ವಿಭಾಗದ ಪೋಸ್ಟಿಂಗ್ ಎಲ್ಲಿ ಎಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆಗೆ ಮಕ್ಕಳನ್ನು ಕರೆದೊಯ್ಯುವ ಕಾಲೇಜಿಗೂ, ಆ ಕೆಲವು ವಾರಗಳನ್ನು ಕ್ಲಾಸಿನಲ್ಲೇ ನೋಟ್ಸ್ ಬರೆಸಿ ಮುಗಿಸುವ ಕಾಲೇಜಿಗೂ ಅಜಗಜಾಂತರ. ಸಮುದಾಯ ಆರೋಗ್ಯದ ಪೋಸ್ಟಿಂಗಿಗೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರ, ಎಷ್ಟು ವಾರ, ಮನೆಮನೆ ಭೇಟಿ ಮಾಡಿಸುತ್ತಾರೆಯೇ ಎಂದೂ ವಿಚಾರಿಸಿ.

ಹೆರಿಗೆ ವಿಭಾಗವೇ ಬೇರೆ ಕಥೆ. ನರ್ಸಿಂಗ್ ಮುಗಿಸಿದವರು ನೋಂದಣಿಯಾಗುವುದು ನರ್ಸ್ ಎಂದಷ್ಟೇ ಅಲ್ಲ, ಸೂಲಗಿತ್ತಿಯ ಅಧಿಕೃತ ಹೊಣೆಯೂ ಸೇರಿಯೇ ನೋಂದಣಿಯಾಗುತ್ತದೆ. ಅದಕ್ಕಾಗಿ ಪ್ರತಿಯೊಬ್ಬರೂ ಕೇಸ್ ಬುಕ್ ಬರೆಯಬೇಕು: ಎಷ್ಟು ಗರ್ಭಿಣಿಯರನ್ನು ಪರೀಕ್ಷಿಸಿದೆ, ಎಷ್ಟು ಹೆರಿಗೆ ನೋಡಿದೆ, ಎಷ್ಟು ಹೆರಿಗೆ ಕೈಯಾರೆ ಮಾಡಿಸಿದೆ, ಎಷ್ಟು ಬಾಣಂತಿಯರ ಆರೈಕೆ ಮಾಡಿದೆ. ಒಂದು ಕಾಲೇಜಿನ ಕೇಸ್ ಬುಕ್ಕು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಪೆನ್ನು, ಒಂದೇ ಓಟದ ಅಕ್ಷರ. ಹುಟ್ಟಿದ ಮಕ್ಕಳ ತೂಕವೆಲ್ಲ ಮೂರು ಕಿಲೋ ಆಸುಪಾಸು. ಒಂದು ಕಡಿಮೆ ತೂಕದ ಕೂಸಿಲ್ಲ, ಹುಟ್ಟಿದ ಮೇಲೆ ಅಳಲು ತಡ ಮಾಡಿದ ಕೂಸಿಲ್ಲ, ಹೆಚ್ಚು ರಕ್ತ ಹೋದ ತಾಯಿಯಿಲ್ಲ. ಸೀನಿಯರ್‌ಗಳ ಪುಸ್ತಕ ಎದುರಿಗಿಟ್ಟುಕೊಂಡು ಹಾಸ್ಟೆಲ್ಲಿನಲ್ಲಿ ಕೂತು ಬರೆದದ್ದು ಅದು. ಬರೆದ ಹುಡುಗಿಯ ತಪ್ಪು ನನಗೆ ಕಾಣಲಿಲ್ಲ. ಅವಳಿಗೆ ಲೇಬರ್ ರೂಮಿನ ಒಳಗೆ ನಿಲ್ಲುವ ಅವಕಾಶವನ್ನೇ ಕೊಟ್ಟಿರಲಿಲ್ಲ. ಆದರೆ ನಾಳೆ ಅವಳು ಯಾವುದೋ ತಾಲ್ಲೂಕಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬಳೇ ಇದ್ದಾಗ ಕಾಲು ಮುಂದಾಗಿ ಬರುವ ಕೂಸಿಗೆ ಆ ಪುಸ್ತಕ ನೆರವಾಗುವುದಿಲ್ಲ. ಮೂರನೇ, ನಾಲ್ಕನೇ ವರ್ಷದವರು ಸಿಕ್ಕರೆ ಕೇಳಲೇಬೇಕಾದ ಪ್ರಶ್ನೆ: ‘ನೀವು ಎಷ್ಟು ಹೆರಿಗೆ ಕಣ್ಣಾರೆ ನೋಡಿದ್ದೀರಮ್ಮಾ?’ ಉತ್ತರಕ್ಕಿಂತ ಮೊದಲು ಮುಖವೇ ಹೇಳುತ್ತದೆ.

ಗಂಡುಮಕ್ಕಳನ್ನು ಸೇರಿಸುವವರು ಇದನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು. ಹೆರಿಗೆ ವಾರ್ಡಿಗೆ ಹುಡುಗರನ್ನು ಬಿಡಲು ಕೆಲವು ಆಸ್ಪತ್ರೆಗಳು ಒಪ್ಪುವುದಿಲ್ಲ. ಆಗ ಅವರ ತರಬೇತಿಗೆ ಬೇರೆ ಏನು ಮಾಡಿದ್ದೀರಿ ಎಂದು ಕಾಲೇಜು ಹೇಳಬೇಕು.

ಕಾಲೇಜಿನ ಒಳಗೂ ನೋಡಬೇಕಾದ ಒಂದು ಜಾಗ ಇದೆ, ಸ್ಕಿಲ್ ಲ್ಯಾಬ್. ಅಲ್ಲಿ ಇಂಜೆಕ್ಷನ್ ಕಲಿಸಲು ರಬ್ಬರ್ ತೋಳು ಇಟ್ಟಿರುತ್ತಾರೆ. ಆ ತೋಳಿನ ಮೇಲೆ ಸೂಜಿ ಚುಚ್ಚಿ ಚುಚ್ಚಿ ಆದ ತೂತುಗಳ ಗುರುತು ಇದ್ದರೆ ಸಂತೋಷಪಡಿ. ಹೆರಿಗೆ ಕಲಿಸುವ ಗೊಂಬೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲದಿದ್ದರೆ ಆ ಲ್ಯಾಬು ತಪಾಸಣೆಗೆ ಬರುವವರಿಗಾಗಿ ಇದೆ ಎಂದು ತಿಳಿಯಿರಿ.

ಬೋಧಕರ ವಿಷಯಕ್ಕೆ ಬಂದರೆ, ಹತ್ತು ವಿದ್ಯಾರ್ಥಿಗೆ ಒಬ್ಬ ಶಿಕ್ಷಕರು ಇರಬೇಕೆಂಬುದು ನಿಯಮ. ಬಿ.ಎಸ್ಸಿ. ಕಾಲೇಜಿನ ಪ್ರಿನ್ಸಿಪಾಲರು ನರ್ಸಿಂಗಿನಲ್ಲಿ ಎಂ.ಎಸ್ಸಿ. ಮಾಡಿರಬೇಕು, 15 ವರ್ಷದ ಅನುಭವ ಇರಬೇಕು. ಗೋಡೆಯ ಮೇಲಿನ ಹೆಸರುಪಟ್ಟಿಯಲ್ಲಿ ಇದೆಲ್ಲ ಸರಿಯಾಗಿಯೇ ಇರುತ್ತದೆ. ಹೆಸರಿರುವವರು ದಿನವೂ ಬರುತ್ತಾರೆಯೇ, ಮಕ್ಕಳ ಜೊತೆ ವಾರ್ಡಿಗೆ ಟ್ಯೂಟರ್ ಬಂದು ನಿಲ್ಲುತ್ತಾರೆಯೇ ಎಂಬುದನ್ನು ವಿದ್ಯಾರ್ಥಿಗಳೇ ಹೇಳಬೇಕು. ಟ್ಯೂಟರ್ ಇಲ್ಲದ ವಾರ್ಡಿನಲ್ಲಿ ವಿದ್ಯಾರ್ಥಿ ಆಸ್ಪತ್ರೆಯ ಪುಕ್ಕಟೆ ಆಳಾಗುತ್ತಾಳೆ. ಬೆಳಿಗ್ಗೆಯಿಂದ ಟೆಂಪರೇಚರ್ ಚಾರ್ಟು ತುಂಬುವುದು, ಲ್ಯಾಬಿಗೆ ಸ್ಯಾಂಪಲ್ ಒಯ್ಯುವುದು, ಫಾರ್ಮಸಿಯಿಂದ ಔಷಧಿ ತರುವುದು. ಮೊದಲ ತಿಂಗಳು ಇವೂ ಕಲಿಯಬೇಕಾದ ಕೆಲಸಗಳೇ. ಮೂರನೇ ವರ್ಷದಲ್ಲೂ ಅದನ್ನೇ ಮಾಡುತ್ತಿದ್ದರೆ, ಸ್ಟಾಫ್ ನೇಮಿಸಿಕೊಳ್ಳುವ ಖರ್ಚು ಉಳಿಸಲು ಕಾಲೇಜು ತೆರೆದಿದ್ದಾರೆ ಎಂದರ್ಥ.

ಇನ್ನು ಕೋರ್ಸು ಯಾವುದು ಎಂಬ ಪ್ರಶ್ನೆ. ಎಎನ್‌ಎಂ ಎರಡು ವರ್ಷ. ಹೆಣ್ಣುಮಕ್ಕಳಿಗೆ ಮಾತ್ರ, ಕಲಾ ವಿಭಾಗದವರಿಗೂ ಅವಕಾಶ ಇದೆ. ಹಳ್ಳಿಯ ಉಪಕೇಂದ್ರದಲ್ಲಿ ಕೆಲಸ ಮಾಡುವ ಆರೋಗ್ಯ ಕಾರ್ಯಕರ್ತೆಯ ಓದು ಇದು. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಶೇ 40 ಅಂಕ ಬೇಕು, ವಿಜ್ಞಾನಕ್ಕೆ ಆದ್ಯತೆ ಇದ್ದರೂ ಬೇರೆ ವಿಭಾಗದವರೂ ಸೇರಬಹುದು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿ ಶೇ 45 ಅಂಕ ಪಡೆದಿರಬೇಕು, ಪರಿಶಿಷ್ಟರಿಗೆ ಶೇ 40 ಸಾಕು. ಇದೀಗ ಸೆಮಿಸ್ಟರ್ ಪದ್ಧತಿ ಬಂದಿದೆ, ಎಂಟನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. ಜಿಎನ್‌ಎಂ ಮುಗಿಸಿದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಆದ್ದರಿಂದ ಹಣದ ಅಡಚಣೆ ಇರುವ ಮನೆಯವರು, ಒಳ್ಳೆಯ ಆಸ್ಪತ್ರೆ ಇರುವ ಜಿಎನ್‌ಎಂ ಶಾಲೆ ಸಿಕ್ಕರೆ ಪೊಳ್ಳು ಬಿ.ಎಸ್ಸಿ. ಕಾಲೇಜಿಗಿಂತ ಅದನ್ನೇ ಆರಿಸಿದರೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಮೂರರ ಹೊರಗೆ ಇನ್ನೊಂದು ವ್ಯಾಪಾರ ತಾಲ್ಲೂಕು ಕೇಂದ್ರಗಳಲ್ಲಿ ನಡೆಯುತ್ತದೆ. ಬಸ್ ನಿಲ್ದಾಣದ ಎದುರಿನ ಮಾಳಿಗೆಯ ಮೇಲೆ ಬೋರ್ಡು: ‘ಒಂದು ವರ್ಷದ ನರ್ಸಿಂಗ್ ಕೋರ್ಸ್, ಎಸ್ಸೆಸ್ಸೆಲ್ಸಿ ಪಾಸ್/ಫೇಲ್, ನೂರಕ್ಕೆ ನೂರು ಉದ್ಯೋಗ.’ ಅಲ್ಲಿ ಓದಿದವರಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಸಿಗುವುದಿಲ್ಲ. ನೋಂದಣಿ ಇಲ್ಲದೆ ನರ್ಸ್ ಎಂದು ಕೆಲಸ ಮಾಡುವಂತಿಲ್ಲ. ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಂತಿಲ್ಲ. ರೋಗಿಯ ಸಹಾಯಕರಾಗಿ, ಮನೆಯಲ್ಲಿ ವಯಸ್ಸಾದವರ ಆರೈಕೆಗೆ ನಿಲ್ಲುವ ಕೆಲಸಕ್ಕೆ ಅಲ್ಪಾವಧಿ ತರಬೇತಿಗಳಿವೆ. ಅದು ಗೌರವದ ದುಡಿಮೆಯೇ, ಅದಕ್ಕೆ ಬೇಡಿಕೆಯೂ ಇದೆ. ಆದರೆ ಆ ತರಬೇತಿಗೆ ನರ್ಸಿಂಗ್ ಎಂಬ ಹೆಸರಿಟ್ಟು ಕೂಲಿ ಮಾಡಿ ಕೂಡಿಸಿದ ದುಡ್ಡು ಕಸಿಯುವುದು ಮೋಸ. ಈ ಬೋರ್ಡುಗಳನ್ನು ದಿನವೂ ನೋಡಿಕೊಂಡು ಸುಮ್ಮನಿರುವ ಜಿಲ್ಲಾಡಳಿತಗಳ ಮೇಲೆ ನನಗೆ ಸಿಟ್ಟಿದೆ.

ಮಾನ್ಯತೆಯ ಕಾಗದಗಳು ಮೂರು ನಾಲ್ಕು ಕಡೆಯಿಂದ ಬರಬೇಕು: ಸರ್ಕಾರದ ಅನುಮತಿ, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ, ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಇಲ್ಲವೇ ಡೀಮ್ಡ್ ವಿಶ್ವವಿದ್ಯಾಲಯದ ಸಂಯೋಜನೆ, ಜಿಎನ್‌ಎಂ ಆದರೆ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿ ಹೆಸರು. ದೆಹಲಿಯ ಭಾರತೀಯ ನರ್ಸಿಂಗ್ ಪರಿಷತ್ತಿನ ವಿಷಯ ನಮ್ಮ ರಾಜ್ಯದಲ್ಲಿ ಸ್ವಲ್ಪ ತೊಡಕಿನದು. ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರ ಅದಕ್ಕಿದೆಯೇ, ರಾಜ್ಯದ್ದೇ ಸಾಕೇ ಎಂಬ ವ್ಯಾಜ್ಯ 2017ರಲ್ಲಿ ಹೈಕೋರ್ಟಿನವರೆಗೆ ಹೋಗಿ, ಕೇರಳದಿಂದ ಬಂದು ಇಲ್ಲಿ ಓದುತ್ತಿದ್ದ ಮಕ್ಕಳು ತಮ್ಮೂರಿನಲ್ಲಿ ಕೆಲಸ ಸಿಗುತ್ತದೋ ಇಲ್ಲವೋ ಎಂದು ಕಂಗಾಲಾಗಿದ್ದರು. 1947ರ ಹಳೆಯ ಕಾಯ್ದೆಯ ಬದಲಿಗೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಪೋಷಕರು ಮಾಡಬೇಕಾದದ್ದು ಇಷ್ಟು: ಕಾಲೇಜಿನವರು ತೋರಿಸುವ ಜೆರಾಕ್ಸ್ ನಂಬದೆ, ವಿಶ್ವವಿದ್ಯಾಲಯದ ಮತ್ತು ಪರಿಷತ್ತಿನ ಜಾಲತಾಣದಲ್ಲಿ ಆ ವರ್ಷದ ಪಟ್ಟಿ ತೆಗೆದು, ಕಾಲೇಜಿನ ಹೆಸರನ್ನೂ ಮಂಜೂರಾದ ಸೀಟಿನ ಸಂಖ್ಯೆಯನ್ನೂ ನೋಡುವುದು. ಮಂಜೂರಾದದ್ದಕ್ಕಿಂತ ಹೆಚ್ಚು ಮಂದಿಯನ್ನು ಸೇರಿಸಿಕೊಂಡರೆ ಹೆಚ್ಚಾದವರಿಗೆ ಪರೀಕ್ಷೆಯ ಹೊತ್ತಿಗೆ ಹಾಲ್ ಟಿಕೆಟ್ ಬರುವುದಿಲ್ಲ.

ಬಿ.ಎಸ್ಸಿ.ಯ ಸರ್ಕಾರಿ ಸೀಟುಗಳನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕ ಹಂಚುತ್ತದೆ. ಏಜೆಂಟರ ಫೋನು ಬರುವ ಮೊದಲು ಆ ದಾರಿ ಹಿಡಿಯಿರಿ. ಸರ್ಕಾರಿ ವೈದ್ಯಕೀಯ ಸಂಸ್ಥೆಗಳ ಆವರಣದಲ್ಲೇ ಇರುವ ನರ್ಸಿಂಗ್ ಕಾಲೇಜುಗಳ ಕಟ್ಟಡ ಹಳತಾಗಿರಬಹುದು, ಹಾಸ್ಟೆಲ್ಲಿನ ಗೋಡೆಯಲ್ಲಿ ಸುಣ್ಣ ಉದುರುತ್ತಿರಬಹುದು. ಪಕ್ಕದಲ್ಲೇ ನೂರಾರು ಹಾಸಿಗೆಯ ತುಂಬಿದ ಆಸ್ಪತ್ರೆ ಇರುತ್ತದೆ, ಫೀಸು ಖಾಸಗಿಯವರ ಒಂದಂಶವೂ ಇರುವುದಿಲ್ಲ.

ಏಜೆಂಟರ ಬಗ್ಗೆ ಎರಡು ಮಾತು ಬೇಕೇ ಬೇಕು. ಕಮಿಷನ್ನಿಗಾಗಿ ಮಕ್ಕಳನ್ನು ಕಾಲೇಜಿಗೆ ಸೇರಿಸುವವರು ಹೇಳುವ ಮಾತುಗಳಲ್ಲಿ ಅತಿ ಅಪಾಯಕಾರಿಯಾದದ್ದು ‘ದಿನಾ ಬರಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವುದು. ಪ್ರತಿ ವಿಷಯಕ್ಕೂ ಶೇ 80 ಹಾಜರಿ ಇರಬೇಕು, ಪದವಿ ಕೈಗೆ ಬರುವ ಮುನ್ನ ಪ್ರಾಯೋಗಿಕ ಡ್ಯೂಟಿಯಲ್ಲಿ ನೂರಕ್ಕೆ ನೂರು ಹಾಜರಿ ತುಂಬಿರಬೇಕು ಎಂಬುದು ನಿಯಮ. ಬಾರದವರ ಹಾಜರಿ ಬರೆದುಕೊಡುವ ಕಾಲೇಜು ಸುಳ್ಳು ದಾಖಲೆ ಸೃಷ್ಟಿಸುತ್ತದೆ. ಅದರ ಬಲಿ ಮೊದಲು ರೋಗಿ, ಆಮೇಲೆ ಆ ವಿದ್ಯಾರ್ಥಿ. ಇನ್ನೊಂದು ಮಾತು, ‘ಸ್ಕಾಲರ್‌ಶಿಪ್ ಬರುತ್ತೆ, ನೀವೇನೂ ಕಟ್ಟಬೇಕಾಗಿಲ್ಲ’. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ, ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ. ಅರ್ಜಿ ಹಾಕುವುದು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ, ಹಣ ಬರುವುದು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ. ಅದು ತಡವಾದರೆ ಫೀಸಿಗೆ ಕಾಯುತ್ತೀರಾ, ಪರೀಕ್ಷೆಗೆ ಕೂರಿಸುತ್ತೀರಾ ಎಂದು ಮೊದಲೇ ಬರೆಸಿಕೊಳ್ಳಿ. ಯೂನಿಫಾರ್ಮು, ಕ್ಲಿನಿಕಲ್ ಶುಲ್ಕ, ಪರೀಕ್ಷಾ ಶುಲ್ಕ, ಬಸ್ಸು ಎಲ್ಲ ಸೇರಿಸಿ ಕೊನೆಯ ವರ್ಷದವರೆಗಿನ ಒಟ್ಟು ಮೊತ್ತವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಡಲು ಕೇಳಿ.

ಮತ್ತು ಮೂಲ ಅಂಕಪಟ್ಟಿ. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡನ್ನು ಕಾಲೇಜಿನ ಬೀರುವಿನಲ್ಲಿ ಇಟ್ಟುಕೊಂಡು, ಬಿಟ್ಟು ಹೋಗುತ್ತೇನೆ ಎಂದವರಿಗೆ ಉಳಿದ ವರ್ಷಗಳ ಫೀಸನ್ನೂ ಕಟ್ಟು ಎನ್ನುವ ಪದ್ಧತಿ ನರ್ಸಿಂಗ್ ಕಾಲೇಜುಗಳಲ್ಲಿ ಬೇರೂರಿದೆ. ಪ್ರವೇಶದ ಹೊತ್ತಿಗೆ ಮೂಲ ದಾಖಲೆ ಪರಿಶೀಲಿಸಿ ಅಲ್ಲೇ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರತಿ ಜೇಬಿನಲ್ಲಿರಲಿ.

ಕನ್ನಡ ಮಾಧ್ಯಮದಿಂದ ಬರುವ ಮಕ್ಕಳ ಕಷ್ಟವನ್ನು ಯಾವ ಪುಸ್ತಿಕೆಯೂ ಬರೆಯುವುದಿಲ್ಲ. ಮೊದಲ ಸೆಮಿಸ್ಟರಿನ ಅನಾಟಮಿ, ಫಿಸಿಯಾಲಜಿ ಎರಡೂ ಇಂಗ್ಲಿಷಿನಲ್ಲಿ. ಚುರುಕಾದ ಮಕ್ಕಳೇ ಅಲ್ಲಿ ಮುಗ್ಗರಿಸಿ, ತಮಗೆ ಬುದ್ಧಿ ಇಲ್ಲವೆಂದುಕೊಂಡು ಊರಿಗೆ ಮರಳುತ್ತಾರೆ. ಸಂಜೆ ಹೊತ್ತು ಇಂಗ್ಲಿಷ್ ಕಲಿಸುವ, ಕಷ್ಟದ ಪಾಠವನ್ನು ಕನ್ನಡದಲ್ಲಿ ಇನ್ನೊಮ್ಮೆ ಬಿಡಿಸಿ ಹೇಳುವ ಬೋಧಕರು ಇರುವ ಕಾಲೇಜು ಸಿಕ್ಕರೆ ಫೀಸು ನಾಲ್ಕು ಸಾವಿರ ಹೆಚ್ಚಾದರೂ ಚಿಂತೆಯಿಲ್ಲ. ವಾರ್ಡಿಗೆ ಬಂದ ಮೇಲೆ ಆ ಮಕ್ಕಳ ಕನ್ನಡವೇ ಬಂಡವಾಳ. ರಾಯಚೂರಿನ ಕಡೆಯ ಅಜ್ಜ ‘ಎದಿ ಹಿಡದಂಗ ಆಗ್ತದ್ರಿ ಅಕ್ಕಾರ, ಎಡಗೈ ಜೋಮು ಹಿಡದದ’ ಎಂದರೆ ಒಡನೆ ಇಸಿಜಿಗೆ ಓಡಬೇಕೆಂದು ಅವರಿಗೆ ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ.

ಹೊರದೇಶದ ಕನಸು ಇದ್ದವರಿಗೂ ಮೂಲ ಪ್ರಶ್ನೆ ಇದೇ. ಕೊಲ್ಲಿ ದೇಶಗಳಲ್ಲಿ ನೋಂದಣಿಗೆ ಮುನ್ನ ನಿಮ್ಮ ಕಾಲೇಜಿಗೂ ಪರಿಷತ್ತಿಗೂ ನೇರವಾಗಿ ಬರೆದು ದಾಖಲೆ ಪರಿಶೀಲಿಸುತ್ತಾರೆ. ಬ್ರಿಟನ್ನಿನಲ್ಲಿ ಕಂಪ್ಯೂಟರ್ ಪರೀಕ್ಷೆಯ ಮೇಲೆ ಕೈಕೆಲಸದ ಪರೀಕ್ಷೆಯೂ ಇದೆ, ಪರೀಕ್ಷಕರ ಎದುರು ರೋಗಿಯನ್ನು ನೋಡಿಕೊಂಡು ತೋರಿಸಬೇಕು. ಜರ್ಮನಿಗೆ ಜರ್ಮನ್ ಭಾಷೆ ಬಿ2 ಹಂತದವರೆಗೆ ಬರಬೇಕು. ಕೇಸ್ ಬುಕ್ಕನ್ನು ನಕಲು ಹೊಡೆದು ಪಾಸಾದವರು ಇಂಥ ಕಡೆ ಸಿಕ್ಕಿಬೀಳುತ್ತಾರೆ.

ಅಮೆರಿಕದಲ್ಲಿ ನರ್ಸಿಂಗ್ ಶಾಲೆ ಆರಿಸುವವರಿಗೆ ನಮ್ಮವರಿಗಿಲ್ಲದ ಒಂದು ಅನುಕೂಲ ಇದೆ. ಅಲ್ಲಿ ಒಂದು ವರ್ಷದ ಆಸುಪಾಸಿನ ಪ್ರಾಕ್ಟಿಕಲ್ ನರ್ಸ್ ತರಬೇತಿಯಾಗಲಿ, ಪೂರ್ಣ ಪ್ರಮಾಣದ ನರ್ಸಿಂಗ್ ಓದಾಗಲಿ, ಮುಗಿಸಿದವರೆಲ್ಲ ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ ಬರೆಯಬೇಕು. ಯಾವ ಶಾಲೆಯಿಂದ ಎಷ್ಟು ಮಂದಿ ಬರೆದರು, ಮೊದಲ ಯತ್ನದಲ್ಲೇ ಎಷ್ಟು ಮಂದಿ ಪಾಸಾದರು ಎಂಬುದನ್ನು ರಾಜ್ಯಗಳ ನರ್ಸಿಂಗ್ ಮಂಡಳಿಗಳು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತವೆ. ಟೆಕ್ಸಾಸ್‌ನಲ್ಲಿ ಆ ಪ್ರಮಾಣ ಶೇ 80ಕ್ಕಿಂತ ಕೆಳಗಿಳಿದರೆ ಮಂಡಳಿ ಶಾಲೆಯಿಂದ ವಿವರಣೆ ಕೇಳುತ್ತದೆ.

ನಮ್ಮಲ್ಲೂ ಮಾಹಿತಿ ಇಲ್ಲವೆಂದಲ್ಲ. ಕಾಲೇಜುವಾರು ಫಲಿತಾಂಶ ವಿಶ್ವವಿದ್ಯಾಲಯದ ಹತ್ತಿರ ಇದೆ, ಡಿಪ್ಲೊಮಾ ಮಂಡಳಿಯ ಹತ್ತಿರ ಇದೆ. ಆಸ್ಪತ್ರೆಯ ಹಾಸಿಗೆ ಎಷ್ಟು, ರೋಗಿಗಳು ಎಷ್ಟು, ಹೆರಿಗೆ ಎಷ್ಟು, ಬೋಧಕರು ಎಷ್ಟು ಎಂಬುದು ತಪಾಸಣಾ ವರದಿಗಳಲ್ಲಿ ಬರೆದೇ ಇರುತ್ತದೆ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಒಂದು ನಮ್ಮದು. ಆ ಅಂಕಿಗಳನ್ನು ಪ್ರತಿ ಕಾಲೇಜಿಗೆ ಒಂದು ಪುಟದಂತೆ, ಕನ್ನಡದಲ್ಲಿ, ಪ್ರವೇಶ ಶುರುವಾಗುವ ಮೊದಲೇ ಪ್ರಕಟಿಸಬೇಕೆಂದು ರಾಜ್ಯ ನರ್ಸಿಂಗ್ ಪರಿಷತ್ತನ್ನೂ ವೈದ್ಯಕೀಯ ಶಿಕ್ಷಣ ಇಲಾಖೆಯನ್ನೂ ಒತ್ತಾಯಿಸುತ್ತೇನೆ. ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು.